ಎರಡನೆಯ ಮುಡಿ

ಕೂದಲಿನ ವಿಷಯದಲ್ಲಿ ನಮ್ಮ ಮನೆಯವರಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಮೈಸೂರಿನ ನಮ್ಮ ಬಚ್ಚಲುಮನೆಯಲ್ಲಿ ಹರಳೆಣ್ಣೆಗೆ ಒಂದು ಬಟ್ಟಲು, ಕೊಬ್ಬರಿ ಎಣ್ಣೆಗೆ ಒಂದು ಬಟ್ಟಲು, ಸೀಗೆಪುಡಿಗೆ ಒಂದು ಡಬ್ಬ, ಮತ್ತು ಈ ಮೂರರ ಬಗ್ಗೆ ಅನುಮಾನಪಡುವವರ ತಲೆಗೆ ಒಂದು ಮೊಟಕು ಯಾವಾಗಲೂ ತಯಾರಿರುತ್ತಿತ್ತು. ವಾರಕ್ಕೊಮ್ಮೆ ಎಣ್ಣೆಸ್ನಾನ, ದಿನಕ್ಕೆರಡು ಸಲ ಬಾಚುವುದು, ಆಮೇಲೆ ಬಿಗಿಯಾಗಿ ಎರಡು ಜಡೆ. ಬಿಗಿ ಎಂದರೆ ಹುಬ್ಬು ಮೇಲೇರುವಷ್ಟು ಬಿಗಿ. ಸ್ಕೂಲಿನ ಎಲ್ಲ ಫೋಟೋಗಳಲ್ಲೂ ನಾನು ಯಾವುದೋ ಸುದ್ದಿ ಕೇಳಿ ಬೆರಗಾದವಳಂತೆ ಕಾಣುತ್ತೇನೆ. ಐದನೇ ವಯಸ್ಸಿನ ಒಂದು ಫೋಟೋದಲ್ಲಿ ಮಾತ್ರ ತಲೆ ನುಣ್ಣಗಿದೆ. ಆಗ ನನಗೆ ಜ್ವರ ಬಂದಿತ್ತು, ದೇವರಿಗೆ ಹೇಳಿಕೊಂಡು ಮುಡಿ ಕೊಟ್ಟೆವು ಎಂದು ಅಮ್ಮ ಹೇಳುತ್ತಿದ್ದಳು.

ಅಮ್ಮನ ಜಡೆಯೋ, ಸೊಂಟದ ಕೆಳಗೆ ಇಳಿಯುವಂಥದ್ದು. ಅರವತ್ತು ದಾಟಿ ಬೆಳ್ಳಗಾದ ಮೇಲೂ ಅದು ತೆಳುವಾಗಲಿಲ್ಲ. ಮದುವೆಮನೆಗಳಲ್ಲಿ ಅವಳು ಬೇಕೆಂದೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಹಿಂದಿನವರು ನೋಡಲಿ ಎಂದು. ಕೂದಲಿದ್ದವಳು ಹೇಗೆ ಕಟ್ಟಿದರೂ ತುರುಬು ಎನ್ನುವುದು ಅವಳ ಮಾತು. ನನ್ನ ಕೂದಲು ಅಪ್ಪನ ಕಡೆಯದು, ಗುಂಗುರು. ಅದನ್ನು ಎಣ್ಣೆ ಹಾಕಿ ತಟ್ಟಿ, ಎಳೆದು, ಹೆಣೆದು, ಕೊನೆಗೆ ನಾನು ಕಾಲೇಜಿಗೆ ಬಂದ ವರ್ಷ ಪಾರ್ಲರಿನಲ್ಲಿ ಔಷಧಿ ಬಳಿಸಿ ನೇರ ಮಾಡಿಸಿದ ಮೇಲೆಯೇ ಅವಳಿಗೆ ಸಮಾಧಾನವಾದದ್ದು. ಆಮೇಲೆ ನನಗೂ ಅದೇ ಅಭ್ಯಾಸವಾಯಿತು.

ಇಷ್ಟೆಲ್ಲ ವಿದ್ಯೆ ಹೊತ್ತುಕೊಂಡು ನಾನು ಜರ್ಮನಿಗೆ ಬಂದೆ. ಬೊಬ್ಲಿಂಗೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುವ ಕೆಲಸ. ಎದುರು ಟೇಬಲ್ಲಿನ ಎಂಜಿನಿಯರನ್ನೇ ಮದುವೆಯಾದೆ. ಅವನು ಕಲೋನ್‌ನಲ್ಲಿ ಹುಟ್ಟಿ ಬೆಳೆದವನು, ಅಪ್ಪ ಅಮ್ಮ ಘಾನಾದವರು. ನಮ್ಮ ಮನೆಯಲ್ಲಿ ಆರು ತಿಂಗಳು ಮುಖ ಊದಿಸಿಕೊಂಡಿದ್ದವರು, ಅವನು ಮೈಸೂರಿಗೆ ಬಂದು ಅಮ್ಮನ ಸಾರನ್ನು ಮೂರು ಸಲ ಹಾಕಿಸಿಕೊಂಡ ದಿನ ಮೆತ್ತಗಾದರು. ಅವನ ಕೂದಲಿನ ಬಗ್ಗೆ ಆಗ ಯಾರೂ ಯೋಚಿಸಲಿಲ್ಲ. ಯೋಚಿಸಲು ಅಲ್ಲಿ ಕೂದಲೇ ಇರಲಿಲ್ಲ. ವಾರಕ್ಕೊಮ್ಮೆ ಟ್ರಿಮ್ಮರ್ ಹಿಡಿದು ಅವನು ತಲೆ ಬೋಳಿಸಿಕೊಳ್ಳುತ್ತಿದ್ದ, ಈಗಲೂ ಬೋಳಿಸಿಕೊಳ್ಳುತ್ತಾನೆ.

ಮಗಳು ಹುಟ್ಟಿದಾಗ ತಲೆ ತುಂಬ ರೇಷ್ಮೆಯಂಥ ನೇರ ಕೂದಲು. ಅಮ್ಮ ಫೋನಿನಲ್ಲೇ ದೃಷ್ಟಿ ತೆಗೆದಳು. ‘ನೋಡಿದ್ಯಾ, ನಮ್ಮ ಕಡೇದೇ ಬಂತು’ ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಎಂಟು ತಿಂಗಳಾಗುವಷ್ಟರಲ್ಲಿ ಆ ಕೂದಲು ಒಂದೊಂದೇ ಎಳೆಯಾಗಿ ಸುರುಳಿ ಸುತ್ತತೊಡಗಿತು. ವಿಡಿಯೋ ಕಾಲಿನಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ‘ಅಲ್ಲಿ ಚಳಿ ಜಾಸ್ತಿ ಅಲ್ವಾ, ಅದಕ್ಕೇ ಮುದುಡಿದೆ’ ಎಂದಳು. ವರ್ಷ ತುಂಬಿದಾಗ ನಾವು ಊರಿಗೆ ಹೋದೆವು. ಮನೆದೇವರ ಗುಡಿಯಲ್ಲಿ ಮಗುವಿನ ಮುಡಿ ಕೊಟ್ಟೆವು. ಅದು ಎಲ್ಲರ ಮನೆಯಲ್ಲೂ ಮಾಡುವುದೇ. ಆದರೆ ಅಮ್ಮನಿಗೆ ಅದರ ಮೇಲೊಂದು ಸಿದ್ಧಾಂತವಿತ್ತು.

‘ಹುಟ್ಟುಗೂದಲು ಅಪ್ಪನ ಕಡೇದು ಕಣೇ. ಅದು ಹೋದ್ಮೇಲೆ ಬರೋದೇ ನಿಜವಾದ ಕೂದಲು. ನೋಡ್ತಿರು.’

ನೋಡುತ್ತಲೇ ಇದ್ದೆವು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮೊದಲಿಗಿಂತ ಎರಡರಷ್ಟು ದಟ್ಟವಾಗಿ, ಮೊದಲಿಗಿಂತ ಪುಟ್ಟ ಸುರುಳಿಗಳಾಗಿ, ಯಾರಿಗೂ ಹೆದರದ ಕೂದಲು ಮಗುವಿನ ತಲೆಯ ಮೇಲೆ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಸಿದ್ಧಾಂತವನ್ನು ಕೈಬಿಡುತ್ತಿದ್ದರು. ಅಮ್ಮ ಕೈಬಿಡಲಿಲ್ಲ, ಒಂದು ಸಲಕ್ಕೆ ಸಾಲಲಿಲ್ಲ ಎಂದು ತೀರ್ಮಾನಿಸಿದಳು. ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಮುಂದಿಟ್ಟು, ಮಗು ಸ್ಕೂಲಿಗೆ ಸೇರುವ ಮೊದಲು ಇನ್ನೊಂದು ಮುಡಿ ಕೊಡುತ್ತೇವೆ ಎಂದು ಹೇಳಿಕೊಂಡಳು. ಫೋನಿನಲ್ಲಿ ನನ್ನನ್ನೂ ಕೇಳಿದಳು. ನಾನು ಆಗ ಒಂದು ಮೀಟಿಂಗಿನಲ್ಲಿದ್ದೆ, ಹೂಂ ಎಂದೆ. ಸ್ಕೂಲಿಗೆ ಇನ್ನೂ ಐದು ವರ್ಷವಿತ್ತು. ಐದು ವರ್ಷದಾಚೆಯ ವಿಷಯಕ್ಕೆ ಹೂಂ ಎನ್ನಲು ಯಾರಿಗೆ ಕಷ್ಟ?

ಅಷ್ಟರವರೆಗೆ ಮಗಳ ತಲೆಯ ಉಸ್ತುವಾರಿ ನನ್ನದು. ಭಾನುವಾರ ಬೆಳಿಗ್ಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿಯಲ್ಲಿ ಉಜ್ಜಿ, ಟವೆಲ್ಲಿನಿಂದ ಒಣಗಿಸಿ, ಊರಿಂದ ತಂದ ಸಣ್ಣಹಲ್ಲಿನ ಬಾಚಣಿಗೆಯಿಂದ ಬುಡದಿಂದ ತುದಿಗೆ ಬಾಚಲು ಕೂರುತ್ತಿದ್ದೆ. ತುದಿಯವರೆಗೆ ಬಾಚಣಿಗೆ ಯಾವತ್ತೂ ತಲುಪಲಿಲ್ಲ. ಮೂರು ಬಾಚಣಿಗೆಗಳು ಮುರಿದವು. ಮಗಳು ಕಿರುಚುವುದು, ನಾನು ‘ಸ್ವಲ್ಪ ತಡ್ಕೋ, ಚೆಂದ ಕಾಣ್ಬೇಕಲ್ವಾ’ ಎನ್ನುವುದು. ಒಂದು ದಿನ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಈ ದೇಶದಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿ ತೊಟ್ಟಿಗೆ ಹಾಕುವಂತಿಲ್ಲ. ಅಜ್ಜಿ ಬಹಳ ವಿನಯದಿಂದ, ಮಗುವಿಗೆ ನೀವು ಮಾಡುತ್ತಿರುವುದು ಏನೇ ಇರಲಿ, ಅದನ್ನು ವಾರದ ದಿನ ಮಾಡಬಹುದೇ ಎಂದು ಕೇಳಿದರು. ನಾನು ಅದನ್ನು ಶನಿವಾರಕ್ಕೆ ಬದಲಾಯಿಸಿದೆ. ತಪ್ಪು ದಿನದಲ್ಲಿದೆ ಎಂದೇ ನಾನು ತಿಳಿದಿದ್ದೆ.

ಊರವರ ಸಲಹೆಗಳಿಗೂ ಬರವಿರಲಿಲ್ಲ. ಇಲ್ಲಿರುವ ನಮ್ಮ ಕಡೆಯವರು ಸೇರುವ ಯುಗಾದಿ ಊಟದಲ್ಲಿ ಒಬ್ಬ ಆಂಟಿ ಮಗಳ ಗಲ್ಲ ಹಿಡಿದು, ‘ಮೂಗು ಕಣ್ಣು ಎಲ್ಲ ನಿಂದೇ ಕಣಮ್ಮ, ತಲೆ ಒಂದು ನೋಡ್ಕೊಂಡ್ಬಿಡು’ ಎಂದರು, ಸಾಲ ತೀರಿಸಲು ಹೇಳುವ ಧಾಟಿಯಲ್ಲಿ. ಇಲ್ಲಿನ ಫ್ರಿಸೂರ್, ಅಂದರೆ ಕ್ಷೌರದಂಗಡಿಯ ಹೆಂಗಸು, ಇಂಥ ಕೂದಲಿನ ತರಬೇತಿ ತಮಗಿಲ್ಲ ಎಂದು ಹೇಳಿ ನನ್ನ ಕೂದಲನ್ನು ಹೊಗಳಿ ಕಳಿಸಿದಳು. ಬಸ್ಸಿನಲ್ಲಿ ಹೆಂಗಸರು ಮಗಳ ತಲೆ ಮುಟ್ಟುತ್ತಿದ್ದರು, ಮುಟ್ಟಿದ ಮೇಲೆ ಮುಟ್ಟಬಹುದೇ ಎಂದು ಕೇಳುತ್ತಿದ್ದರು. ಶಿಸ್ತಿನ ಜನ, ತಡವಾದರೂ ಅನುಮತಿ ಕೇಳದೆ ಬಿಡುವುದಿಲ್ಲ. ಕಿಂಡರ್‌ಗಾರ್ಟನ್‌ನಿಂದ ಬಂದ ಮಗಳು ಒಂದು ಸಂಜೆ ಕನ್ನಡಿಯ ಮುಂದೆ ನಿಂತು ಒಂದು ಸುರುಳಿಯನ್ನು ಕೆಳಕ್ಕೆ ಎಳೆದಳು, ಬಿಟ್ಟಳು. ಅದು ಮೇಲಕ್ಕೆ ಹೋಯಿತು. ‘ಅಮ್ಮಾ, ನಂದು ಯಾವಾಗ ಕೆಳಗೆ ಬೀಳತ್ತೆ?’ ಎಂದು ಕೇಳಿದಳು. ದೊಡ್ಡವಳಾದ ಮೇಲೆ ಎಂದು ನಾನು ಹೇಳಿದೆ. ಆ ಸುಳ್ಳಿಗೆ ಈಗಲೂ ನಾಚಿಕೆಯಾಗುತ್ತದೆ.

ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ ನಾವು ಕಲೋನ್‌ಗೆ ಅತ್ತಿಗೆಯ ಮನೆಗೆ ಹೋದೆವು. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ನರ್ಸ್ ಕೆಲಸ, ರಜೆಯ ದಿನಗಳಲ್ಲಿ ತಮ್ಮ ಸೋಫಾದ ಮುಂದೆ ನೆಂಟರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಜಡೆ ಹಾಕುತ್ತಾರೆ. ನಾವಿಬ್ಬರೂ ಮಾತಾಡುವುದು ಜರ್ಮನ್‌ನಲ್ಲಿ, ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಬೈಯುತ್ತಾರೆ. ಮಗಳ ಟೋಪಿ ತೆಗೆದವರು ಅವಳ ತಲೆಯನ್ನು ಬೆಳಕಿನ ಕಡೆಗೆ ತಿರುಗಿಸಿದರು. ಹಣೆಯ ಎರಡು ಪಕ್ಕದಲ್ಲೂ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ನಾನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಜಾಗ ಅದು.

‘ಯಾರು ಮಾಡಿದ್ದು ಇದನ್ನ?’

‘ನಾನೇ. ಪ್ರತಿ ವಾರ ನೋಡಿಕೊಳ್ತೀನಿ’ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

‘ಒಂದು ವಾರವಾದರೂ ಮರೆತಿದ್ದರೆ ಇಷ್ಟು ಹಾಳಾಗ್ತಿರಲಿಲ್ಲ’ ಎಂದರು ಅತ್ತಿಗೆ.

ಆ ಮಧ್ಯಾಹ್ನ ನಾನು ಅಕ್ಷರಾಭ್ಯಾಸದಿಂದ ಶುರುಮಾಡಿದೆ. ಒಣಗಿದ ಕೂದಲಿಗೆ ಬಾಚಣಿಗೆ ತಾಗಿಸಬಾರದು. ಮೊದಲು ನೀರು, ಆಮೇಲೆ ಕೈತುಂಬ ಕಂಡೀಷನರ್. ತಲೆಯನ್ನು ಎಂಟು ಭಾಗ ಮಾಡಿ, ಒಂದೊಂದನ್ನೇ ಬೆರಳಲ್ಲಿ ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಬುಡಕ್ಕೆ ತರಬೇಕು. ನಾನು ನಲವತ್ತು ವರ್ಷ ನಂಬಿದ್ದರ ನೇರ ಉಲ್ಟಾ. ಎಣ್ಣೆ ಕೊನೆಗೆ, ತೇವ ಹೋಗದ ಹಾಗೆ, ಎರಡು ಹನಿ. ಸೀಗೆಪುಡಿಯ ಬಗ್ಗೆ ವಿವರಿಸಿದಾಗ ಅತ್ತಿಗೆ, ಅದು ಪಾತ್ರೆಗೆ ಒಳ್ಳೆಯದಿರಬಹುದು ಎಂದರು. ಜಡೆ ಸಡಿಲವಾಗಿರಬೇಕು, ಮಲಗುವಾಗ ಸ್ಯಾಟಿನ್ ಟೋಪಿ ಹಾಕಬೇಕು. ಎರಡು ಗಂಟೆ ಹಿಡಿಯಿತು. ಮಗಳು ಒಂದು ಸಲವೂ ಅಳಲಿಲ್ಲ, ಅರ್ಧದಲ್ಲಿ ಅತ್ತಿಗೆಯ ಮೊಣಕಾಲಿಗೆ ಒರಗಿ ನಿದ್ದೆಹೋದಳು. ಅದನ್ನು ನೋಡಿ ನನಗೆ ಆದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ನಾಲ್ಕು ವರ್ಷದ ಶನಿವಾರ ಭಾನುವಾರಗಳೆಲ್ಲ ಒಟ್ಟಿಗೆ ನೆನಪಾದವು. ‘ಬೇರು ಸತ್ತಿಲ್ಲ, ಬರತ್ತೆ’ ಎಂದು ಅತ್ತಿಗೆ ಹೇಳಿದಾಗ ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ.

ಸಾಮಾನು ಕೊಳ್ಳಲು ಪಕ್ಕದ ಬೀದಿಯ ಆಫ್ರೋ ಶಾಪಿಗೆ ಹೋದೆವು. ಕೆಳಗೆ ಗೆಣಸು, ತಾಳೆ ಎಣ್ಣೆ, ಮೇಲೆ ಗೋಡೆಯ ತುಂಬ ಉದ್ದುದ್ದ ಕೂದಲಿನ ಪ್ಯಾಕೆಟ್ಟುಗಳು. ತಲೆಗೆ ಜೋಡಿಸಿಕೊಳ್ಳುವ ಕೂದಲು. ಒಂದರ ಮೇಲೆ ಇಂಡಿಯನ್ ಟೆಂಪಲ್ ಹೇರ್ ಎಂದು ಚಿನ್ನದ ಅಕ್ಷರದಲ್ಲಿ ಬರೆದಿತ್ತು. ನಾನು ಅದನ್ನು ಕೈಗೆ ತೆಗೆದುಕೊಂಡೆ. ಯಾವ ಊರಿನ ಯಾವ ತಾಯಿ ಯಾವ ಮಗುವಿನ ಜ್ವರಕ್ಕೆ ಹೇಳಿಕೊಂಡು ಕೊಟ್ಟ ಮುಡಿಯೋ, ಕಲೋನ್‌ನಲ್ಲಿ ಗೆಣಸಿನ ಮೇಲೆ ನೇತಾಡುತ್ತಿತ್ತು. ಅತ್ತಿಗೆಗೆ ಹರಕೆ ಎಂದರೇನು ಎಂದು ಹೇಳಿದೆ. ಹೇಳುತ್ತಾ ಅಮ್ಮನ ಎರಡನೆಯ ಮುಡಿಯ ವಿಷಯವೂ ಬಾಯಿಗೆ ಬಂತು. ಅತ್ತಿಗೆ ಕಪಾಟು ಹಿಡಿದುಕೊಂಡು ನಕ್ಕರು.

‘ಅಂದರೆ ನನ್ನ ಸೊಸೆಯ ಕೂದಲನ್ನ ದೇವರಿಗೆ ಕೊಟ್ಟು ಇಂಡಿಯಾ ಕೂದಲು ಬೇಡೋದು. ಇಂಡಿಯಾ ಕೂದಲನ್ನ ದೇವರು ಆಗಲೇ ಇಲ್ಲಿಗೆ ಕಳಿಸಿಬಿಟ್ಟಿದ್ದಾನಲ್ಲ.’ ನಗು ನಿಂತಿತು. ‘ಬೇಡ ಅಂತ ನಿಮ್ಮಮ್ಮನಿಗೆ ಹೇಳಿದ್ದೀಯ ತಾನೇ?’

ನಾನು ಒಂದು ಬಾಟಲಿಯ ಲೇಬಲ್ ಓದತೊಡಗಿದೆ.

ಆಮೇಲಿನ ಒಂದೂವರೆ ವರ್ಷ ನಮ್ಮ ಶನಿವಾರಗಳು ಬೇರೆಯಾದವು. ಸ್ನಾನದ ತೊಟ್ಟಿಯ ಅಂಚಿನಲ್ಲಿ ನಾನು, ಒಳಗೆ ಅವಳು, ಮಧ್ಯೆ ಕತೆಗಳು. ಹಣೆಯ ಪಕ್ಕದ ಕೂದಲು ಮರಳಿ ಬಂತು. ‘ನಿನ್ನ ಕೂದಲು ಎಷ್ಟು ಚೆಂದ’ ಎಂದು ನಾನು ದಿನಕ್ಕೆರಡು ಸಲ ಹೇಳುತ್ತಿದ್ದೆ, ಮಾತ್ರೆ ಕೊಟ್ಟ ಹಾಗೆ. ಹೇಳಿ, ಐದು ತಿಂಗಳಿಗೊಮ್ಮೆ ಷ್ಟುಟ್‌ಗಾರ್ಟಿನ ಪಾರ್ಲರಿಗೆ ಹೋಗಿ ನನ್ನ ಕೂದಲನ್ನು ಇಸ್ತ್ರಿ ಮಾಡಿಸಿಕೊಂಡು ಬರುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನಾನು ಆಫೀಸಿಗೆ ಹೋಗಿದ್ದೇನೆ ಎಂದು ಮಗಳು ತಿಳಿದಿದ್ದಳು.

ಸ್ಕೂಲಿಗೆ ಸೇರುವ ವರ್ಷ ಬಂದೇ ಬಂತು. ಇಲ್ಲಿ ಒಂದನೇ ಕ್ಲಾಸಿನ ಮೊದಲ ದಿನ ದೊಡ್ಡ ಹಬ್ಬ. ಮಕ್ಕಳ ಕೈಗೆ ಅವರಷ್ಟೇ ಎತ್ತರದ ಕಾಗದದ ಶಂಕುವಿನಲ್ಲಿ ಮಿಠಾಯಿ ತುಂಬಿ ಕೊಡುತ್ತಾರೆ, ಊರಿಂದ ಅಜ್ಜಿ ತಾತಂದಿರು ಬರುತ್ತಾರೆ. ನಮ್ಮಮ್ಮನೂ ಆಗಸ್ಟಿನಲ್ಲಿ ಬಂದಳು. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹರಳೆಣ್ಣೆ, ಸೀಗೆಪುಡಿ, ಎಲ್ಲದರ ಅಡಿಯಲ್ಲಿ ಆ ಹಳದಿ ಗಂಟು.

‘ಊರಿಗಂತೂ ನೀವು ಬರಲಿಲ್ಲ. ಇಲ್ಲೇ ತೆಗೆದು ಬಟ್ಟೇಲಿ ಕಟ್ಟಿಕೊಟ್ರೆ ನಾನೇ ಹೋಗಿ ಒಪ್ಪಿಸ್ತೀನಿ. ಪೂಜಾರಿನ ಕೇಳಿದೀನಿ, ಆಗತ್ತಂತೆ.’

ಬೇಡ ಎನ್ನಬೇಕಿತ್ತು. ‘ನೋಡೋಣಮ್ಮ’ ಎಂದೆ. ಜರ್ಮನ್ ಮ್ಯಾನೇಜರಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಲ್ಲವಳು ನಾನು. ಅಮ್ಮನ ಮುಂದೆ ನನ್ನ ವಯಸ್ಸು ಹತ್ತು ದಾಟುವುದಿಲ್ಲ.

ಶನಿವಾರದ ತೊಳೆಯುವಿಕೆಯನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ‘ಸೀಗೆ ಇಲ್ಲ, ಎಣ್ಣೆ ಇಲ್ಲ, ಇದೇನೇ ತಲೆಗೆ ಬೆಣ್ಣೆ ಮೆತ್ತಿದ ಹಾಗೆ’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ಪುಟ್ಟಿ ನನ್ನ ಹತ್ರ ಮಾತಾಡೋದು ಅಷ್ಟಕ್ಕಷ್ಟೇ. ತಲೇನೂ ಬಾಚಬಾರದು ಅಂದ್ರೆ ನಾನು ಇಲ್ಲಿ ಇನ್ನೇನು ಮಾಡ್ಲಿ’ ಎಂದಳು. ಅದು ನಿಜವಾಗಿತ್ತು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಜರ್ಮನ್‌ನಲ್ಲಿ ಉತ್ತರಿಸಿ ಓಡುತ್ತಿದ್ದಳು. ನನಗೆ ಪಾಪ ಎನಿಸಿತು, ಆದರೆ ಬಾಚಣಿಗೆ ಕೊಡಲಿಲ್ಲ.

ಸ್ಕೂಲಿಗೆ ಒಂದು ವಾರವಿದ್ದಾಗ ಒಂದು ದಿನ ನಾನು ಮೂರು ಗಂಟೆಗೇ ಮನೆಗೆ ಬಂದೆ. ಬಚ್ಚಲಿನ ಬಾಗಿಲು ತೆರೆದಿತ್ತು. ಮಗಳು ಹೆಗಲಿಗೆ ಟವೆಲ್ ಹೊದ್ದು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ಕೂದಲೆಲ್ಲ ಬಿಚ್ಚಿತ್ತು. ವಾಷಿಂಗ್ ಮೆಷಿನ್ ಮೇಲೆ ಹಳದಿ ಬಟ್ಟೆ ಹಾಸಿತ್ತು. ಅಮ್ಮ ನನ್ನ ಗಂಡನ ಟ್ರಿಮ್ಮರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆ ಟ್ರಿಮ್ಮರಿಗೆ ಲಾಕ್ ಇದೆ, ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯದಿದ್ದರೆ ಶುರುವಾಗುವುದಿಲ್ಲ. ಅದನ್ನು ವಿನ್ಯಾಸ ಮಾಡಿದ ಪುಣ್ಯಾತ್ಮ ಯಾರೋ, ಅವನ ಮಕ್ಕಳು ಮರಿ ತಣ್ಣಗಿರಲಿ.

‘ಬಂದ್ಯಾ? ಇದು ಹೇಗೆ ಹಾಕೋದು ತೋರ್ಸು’ ಎಂದಳು ಅಮ್ಮ. ನನ್ನ ಮುಖ ನೋಡಿ, ‘ನಾನೇನು ಬಲವಂತ ಮಾಡಿಲ್ಲಪ್ಪ. ಮಗೂನೇ ಒಪ್ಕೊಂಡಿದೆ, ಕೇಳು.’

ಮಗಳು ಸಂಭ್ರಮದಿಂದ ತಲೆಯಾಡಿಸಿದಳು. ‘ಆಮೇಲೆ ಹೊಸದು ಬರತ್ತೆ. ಅಮ್ಮನ ಥರ. ಗಾನ್ಸ್ ಗ್ಲಾಟ್’ ಎಂದಳು. ಪೂರ್ತಿ ನೇರ ಎಂದು ಅರ್ಥ.

ಅಮ್ಮನ ಮೇಲೆ ಕೂಗಬೇಕೆಂದು ಬಾಯಿ ತೆರೆದೆ. ಆದರೆ ಮಗಳು ನೋಡುತ್ತಿದ್ದದ್ದು ಅಜ್ಜಿಯನ್ನಲ್ಲ, ನನ್ನ ಕೂದಲನ್ನು. ಒಂದೂವರೆ ವರ್ಷ ದಿನಕ್ಕೆರಡು ಸಲ ಕೊಟ್ಟ ಮಾತ್ರೆ ಕೆಲಸ ಮಾಡಿರಲಿಲ್ಲ, ಯಾಕೆಂದರೆ ಕೊಡುತ್ತಿದ್ದವಳ ತಲೆ ದಿನವಿಡೀ ಅದಕ್ಕೆ ವಿರುದ್ಧವಾಗಿ ಹೇಳುತ್ತಿತ್ತು. ಅಮ್ಮನ ಕೈಯಲ್ಲಿ ಟ್ರಿಮ್ಮರ್ ಇತ್ತು, ಅಷ್ಟೇ. ಸ್ಟೂಲಿನ ಮೇಲೆ ಕೂರಿಸಿದವಳು ನಾನೇ.

ನೆಲದ ಮೇಲೆ ಕೂತು ಕ್ಲಿಪ್ ತೆಗೆದೆ. ಆ ಸಲ ಪಾರ್ಲರಿಗೆ ಹೋಗುವುದು ತಡವಾಗಿತ್ತು. ಕತ್ತಿನ ಹಿಂದಿನ ಕೂದಲೆತ್ತಿ, ಬುಡಕ್ಕೆ ಮಗ್ಗಿನಿಂದ ನೀರು ಸುರಿದುಕೊಂಡೆ. ಎರಡು ಬೆರಳಗಲ ಹೊಸ ಕೂದಲು ಸುತ್ತಿಕೊಂಡಿತು.

‘ಮುಟ್ಟಿ ನೋಡು. ಇಷ್ಟು ಮಾತ್ರ ನಂದು. ಮಿಕ್ಕಿದ್ದೆಲ್ಲ ಔಷಧಿ ಹಾಕಿ, ಮೆಷಿನ್‌ನಲ್ಲಿ ನೇರ ಮಾಡಿದ್ದು.’

ಅವಳು ಬೆರಳಿಟ್ಟು ನೋಡಿದಳು. ‘ನನ್ನ ಥರ?’

‘ನಿನ್ನಷ್ಟು ಚೆನ್ನಾಗಿ ಸುತ್ತಿಲ್ಲ. ಆದರೆ ಗ್ಲಾಟ್ ಅಂತೂ ಅಲ್ಲ.’

ಮಗಳು ಆ ಸುರುಳಿಯನ್ನು ಎಳೆದು ಬಿಟ್ಟಳು. ‘ಅಜ್ಜಿ ನಿಂಗೆ ಮುಡಿ ಮಾಡಿರ್ಲಿಲ್ವಾ?’

‘ಮಾಡಿದ್ರು. ಒಂದು ವರ್ಷ ಆದಾಗ.’

‘ಎರಡು ಸಲ’ ಎಂದಳು ಅಮ್ಮ.

ನಾನು ತಿರುಗಿ ನೋಡಿದೆ. ಅಮ್ಮ ಟ್ರಿಮ್ಮರಿನ ಗುಂಡಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ‘ನಿಂಗೆ ಐದು ವರ್ಷ ಆದಾಗ ಜ್ವರ ಗಿರ ಏನೂ ಬಂದಿರ್ಲಿಲ್ಲ. ಇದಕ್ಕೇ ಹೇಳ್ಕೊಂಡಿದ್ದೆ. ನಿಮ್ಮ ಸೋದರತ್ತೆ ಯಾವಾಗ್ಲೂ ಅಂತಿದ್ರು, ಹುಡುಗಿಗೆ ಗಂಡು ಸಿಗಲ್ಲ ಈ ಕೂದಲಲ್ಲಿ ಅಂತ.’

‘ಗ್ಲಾಟ್ ಬಂತಾ?’ ಎಂದು ಮಗಳು ಕೇಳಿದಳು.

‘ಇಲ್ಲ’ ಎಂದಳು ಅಮ್ಮ. ‘ಹಾಗೇ ಬಂತು.’

ಮಗಳು ಸ್ಟೂಲಿನಿಂದ ಇಳಿದು, ಟವೆಲ್ ತೆಗೆದು ಮಡಿಸಿ, ಅಜ್ಜಿಯ ಕೈಗೆ ಕೊಟ್ಟಳು. ‘ಹಾಗಾದ್ರೆ ಇದು ಕೆಲಸ ಮಾಡಲ್ಲ, ಅಜ್ಜಿ’ ಎಂದಳು, ಸೆಲ್ ಮುಗಿದ ಆಟಿಕೆಯ ಬಗ್ಗೆ ಹೇಳುವ ಹಾಗೆ. ಆಡಲು ಹೋದಳು. ನಾವಿಬ್ಬರೂ ಬಚ್ಚಲಲ್ಲಿ ಉಳಿದೆವು.

‘ದೇವರಿಗೆ ಹೇಳ್ಕೊಂಡಾಗಿದೆಯಲ್ಲೇ. ಏನು ಹೇಳ್ಲಿ ನಾನೀಗ?’

ನಾನು ಅವಳ ಕೈಗೆ ಅಗಲ ಹಲ್ಲಿನ ಬಾಚಣಿಗೆ ಕೊಟ್ಟೆ. ಆ ಶನಿವಾರ ಅಮ್ಮ ತೊಟ್ಟಿಯ ಅಂಚಿನಲ್ಲಿ ಕೂತಳು. ತುದಿಯಿಂದ ಬುಡಕ್ಕೆ ಎಂದು ನಾನು ಹೇಳಿದಾಗಲೆಲ್ಲ, ‘ಗೊತ್ತು ಬಿಡೇ’ ಎಂದಳು. ಸ್ಕೂಲಿನ ಮೊದಲ ದಿನ ಮಗಳು ಹೋದದ್ದು ಅಜ್ಜಿ ಹಾಕಿದ ನಾಲ್ಕು ಸಡಿಲ ಜಡೆಗಳಲ್ಲಿ, ಒಂದು ಬೈತಲೆ ಸೊಟ್ಟಗಿತ್ತು. ಫೋಟೋದಲ್ಲಿ ಅವಳ ಹುಬ್ಬುಗಳು ಇರಬೇಕಾದ ಜಾಗದಲ್ಲೇ ಇವೆ.

ಅಮ್ಮ ಊರಿಗೆ ಹೋಗಿ ಮೂರು ವಾರವಾದ ಮೇಲೆ ವಿಡಿಯೋ ಕಾಲ್ ಬಂತು. ಕ್ಯಾಮೆರಾ ಮೊದಲು ಚಾವಣಿ ತೋರಿಸಿತು, ಆಮೇಲೆ ಅಮ್ಮನನ್ನು. ತಲೆ ಪೂರ್ತಿ ಬೋಳು, ಮೇಲೆ ಗಂಧದ ಲೇಪ. ಸೊಂಟದ ಕೆಳಗಿಳಿಯುತ್ತಿದ್ದ ಆ ಬಿಳಿಯ ಜಡೆ ಇರಲಿಲ್ಲ. ನಾನು ಕಣ್ಣೊರೆಸಿಕೊಂಡೆ.

‘ಅಳ್ಬೇಡ್ವೇ. ಮುಡಿ ಕೊಡ್ತೀನಿ ಅಂತ ಹೇಳ್ಕೊಂಡಿದ್ದೆ, ಕೊಟ್ಟೆ. ಯಾರ ತಲೇದು ಅಂತ ದೇವರೇನು ಕೇಳಲಿಲ್ಲ’ ಎಂದಳು ಅಮ್ಮ. ‘ತಲೆ ಎಷ್ಟು ಹಗುರ ಗೊತ್ತಾ? ಕತ್ತು ನೋವೂ ಹೋಯ್ತು.’

ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅಜ್ಜಿಯ ತಲೆಯನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ನಿಜವಾದ ಕನಿಕರವಿತ್ತು. ಅವಳು ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

‘ಅಜ್ಜಿ, ಇದು ಕೆಲಸ ಮಾಡಲ್ಲ ಅಂತ ಅವತ್ತೇ ಹೇಳಿದ್ನಲ್ಲ. ಎಷ್ಟು ಸಲ ಬೋಳಿಸಿದ್ರೂ ನಿಂಗೆ ನನ್ನ ಥರ ಬರಲ್ಲ.’

ಅಮ್ಮ ಬೋಳುತಲೆಯ ಮೇಲೆ ಅಂಗೈ ಸವರಿಕೊಂಡಳು.

‘ಬರಲ್ಲ ಅಲ್ವಾ ಪುಟ್ಟಿ’ ಎಂದಳು. ‘ಅಷ್ಟು ಅದೃಷ್ಟ ನಂಗೆಲ್ಲಿ.’